ದೇವಯಾನಿಯೂ ನಾಗವೇಣಿಯಮ್ಮನೂ

ಇವತ್ತು ಬೆಳಿಗ್ಗೆ ಒಗೆದ ಬಟ್ಟೆ ಮಡಿಸುತ್ತಿದ್ದ ನನ್ನ ಹೆಂಡತಿ ಒಂದು ಬಿಳಿ ಪಂಚೆಯನ್ನು ಎತ್ತಿ ಹಿಡಿದು, "ಇದು ಉಡೋದಕ್ಕಾ, ಆಕಾಶಕ್ಕಾ?" ಎಂದು ಕೇಳಿದಳು. ಪಂಚೆಯ ನಡುವೆ ಬಟ್ಟಲಿನ ಬಾಯಿಯಷ್ಟು ಅಗಲದ ಒಂದು ದುಂಡನೆಯ ಗುರುತು. ರಬ್ಬರ್ ಬ್ಯಾಂಡು ಬಿಗಿದು ಬಿಗಿದು ಆದದ್ದು, ಯಾವ ಸೋಪಿಗೂ ಹೋಗುವುದಿಲ್ಲ. "ಆಕಾಶಕ್ಕೆ" ಎಂದೆ. ಅವಳು ಅದನ್ನು ಬೇರೆ ಇಟ್ಟಳು. ಕೆಲವರ ಮನೆಯಲ್ಲಿ ಮಡಿಬಟ್ಟೆಗೆ ಬೇರೆ ಗಳ ಇರುತ್ತದಲ್ಲ, ನಮ್ಮ ಮನೆಯಲ್ಲಿ ಆಕಾಶದ ಬಟ್ಟೆಗೆ ಬೇರೆ ಜಾಗವಿದೆ.

ನಿಮಗೆ ಇದು ಒಗಟಿನಂತೆ ಕಾಣಬಾರದು, ಬಿಡಿಸಿ ಹೇಳುತ್ತೇನೆ. ನನ್ನದು ಕೊಪ್ಪದ ಪೇಟೆಯಲ್ಲಿ ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ಆ ತಾರಸಿಯ ಮೇಲೆ ಒಂದು ಸಣ್ಣ ದೂರದರ್ಶಕ, ಅದರ ಹಿಂಬದಿಗೆ ಕಚ್ಚಿಸಿದ ಕ್ಯಾಮೆರಾ. ಇವೆರಡರಿಂದ ನಾನು ಗೆಲಾಕ್ಸಿಗಳ ಫೋಟೋ ತೆಗೆಯುತ್ತೇನೆ. ಮುಸ್ಸಂಜೆಯ ಬೆಳಕಿನಲ್ಲಿ ದೂರದರ್ಶಕದ ಮೂತಿಗೆ ಬಿಳಿ ಪಂಚೆ ಬಿಗಿದು ಬರೀ ಆ ಬಿಳುಪಿನ ಒಂದಷ್ಟು ಫೋಟೋ ತೆಗೆದಿಟ್ಟುಕೊಂಡರೆ, ಮಸೂರದ ಧೂಳು ಎಲ್ಲೆಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಯುತ್ತದೆ. ಆಮೇಲೆ ಆ ಧೂಳನ್ನು ಗೆಲಾಕ್ಸಿಯ ಚಿತ್ರದಿಂದ ಕಳೆಯಬಹುದು. ಆಕಾಶಕ್ಕೆ ಏಣಿ ಹಾಕುವವರು ಬೇಕಾದಷ್ಟು ಜನ ಇದ್ದಾರೆ, ಪಂಚೆ ಉಡಿಸಿದವನು ಮಾತ್ರ ನಾನೊಬ್ಬನೇ ಇರಬೇಕು.

"ನಿಂಗೆಂತ ಮಾರಾಯ, ಮಲೆನಾಡಲ್ಲಿದ್ದೀಯ, ಕತ್ತಲೆಗೆ ಬರವಾ?" ಎಂದು ಹೊರಗಿನ ಸ್ನೇಹಿತರು ಕೇಳುತ್ತಾರೆ. ಅವರು ಒಂದು ಸಂಜೆ ನಮ್ಮ ತಾರಸಿಗೆ ಬಂದು ನೋಡಬೇಕು. ಒಂದು ಕಡೆ ಬಸ್ ಸ್ಟ್ಯಾಂಡಿನ ಎತ್ತರದ ಕಂಬದ ದೀಪಗಳು, ಇನ್ನೊಂದು ಕಡೆ ಪೆಟ್ರೋಲ್ ಬಂಕು, ನಡುವೆ ಒಂದು ಕಲ್ಯಾಣ ಮಂಟಪ. ಮೋಡ ಹರಿದು ದೇವಯಾನಿ ಎಂಬ ಗೆಲಾಕ್ಸಿ ರಾತ್ರಿಯ ಊಟದ ಹೊತ್ತಿಗೇ ನೆತ್ತಿಯ ಹತ್ತಿರ ಬರುವ ಕಾಲವೂ, ಮದುವೆಯ ಲಗ್ನಗಳು ಕೂಡಿಬರುವ ಕಾಲವೂ ಒಂದೇ. ಮಂಟಪದ ಸೀರಿಯಲ್ ಸೆಟ್ಟು ಹಸಿರು ಹತ್ತಿದಾಗ ನನ್ನ ದೇವಯಾನಿಗೆ ಹಸಿರು, ಕೆಂಪು ಹತ್ತಿದಾಗ ಕೆಂಪು.

ಒಮ್ಮೆ ರೋಷ ಬಂದು ಸಾಮಾನನ್ನೆಲ್ಲ ಜೀಪಿಗೆ ಹೇರಿ ಕಾಡಿನ ನಡುವಿನ ಕೆರೆಕಟ್ಟೆ ಎಂಬ ಊರಿಗೆ ಹೋದೆ. ಕತ್ತಲೆಯೇನೋ ಕತ್ತಲೆಯೇ, ನನ್ನ ಕೈ ನನಗೆ ಕಾಣದಷ್ಟು. ಆದರೆ ತಲೆಯೆತ್ತಿದರೆ ಮರ. ಮರಗಳ ನಡುವೆ ಒಂದು ಕಂಬಳಿಯಷ್ಟು ಆಕಾಶ, ಅದರಲ್ಲಿ ಹೆಸರಿಲ್ಲದ ನಾಲ್ಕು ಚುಕ್ಕಿ. ನಾನು ಇಳಿದುಕೊಂಡಿದ್ದ ಮನೆಯವರು ಅಂಗಳದಲ್ಲಿ ನಿಂತು, "ನಕ್ಷತ್ರ ನೋಡ್ಬೇಕಾದ್ರೆ ಪೇಟೆಗೆ ಹೋಗ್ಬೇಕು ಮಾರಾಯ್ರೆ, ಇಲ್ಲಿ ಆಕಾಶವೇ ಇಲ್ಲ" ಎಂದರು. ಕಾಫಿ ಕುಡಿದು ವಾಪಸು ಬಂದೆ.

ಬೆಳಕನ್ನು ಆರಿಸಲಾರದವನು ಅದನ್ನು ತೊಳೆಯುವುದನ್ನಾದರೂ ಕಲಿಯಬೇಕು. ಕಲಿತೆ. ರಾತ್ರಿ ತೆಗೆದ ಚಿತ್ರಗಳನ್ನು ಹಗಲು ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರಿಗೆ ಹಾಕಿಕೊಂಡು ಕೂರುತ್ತೇನೆ. ನೂರಾರು ಚಿತ್ರಗಳನ್ನು, ಯಾವುದಾದರೊಂದು ನಕ್ಷತ್ರದ ಗುರುತು ಹಿಡಿದು, ಒಂದರ ಮೇಲೊಂದು ಕರಾರುವಾಕ್ಕಾಗಿ ಪೇರಿಸಬೇಕು. ಒಂದೊಂದರಲ್ಲಿ ಇದೆಯೋ ಇಲ್ಲವೋ ಎಂಬಂತಿರುವ ಮಂದ ಬೆಳಕು ಎಲ್ಲ ಸೇರಿದಾಗ ಗಟ್ಟಿಯಾಗುತ್ತದೆ. ಆಮೇಲೆ ಊರಿನ ದೀಪದ ಹೊಗರನ್ನು ಕಳೆಯಬೇಕು. ಮತ್ತೆ ನಡುವೆ ಹಾದುಹೋದ ವಿಮಾನ, ಉಪಗ್ರಹ, ಬಾವಲಿ ಇವನ್ನೆಲ್ಲ ತೆಗೆಯಬೇಕು. ಅದಕ್ಕೆ ಕಂಪ್ಯೂಟರಿಗೆ ಒಂದು ನಿಯಮ ಹೇಳಿಕೊಟ್ಟರಾಯಿತು: ಎಲ್ಲ ಚಿತ್ರದಲ್ಲೂ ನಿಂತಲ್ಲೇ ನಿಂತದ್ದು ಇರಲಿ, ಅಲುಗಾಡಿದ್ದು ಕಸ. ಈ ಕೆಲಸ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಮಸುಕು ಕಂಡರೆ ನನಗೆ ಆಗುವುದಿಲ್ಲ. ಮದುವೆಮನೆಯಲ್ಲಿ ಪಕ್ಕ ಕೂತವರ ಕನ್ನಡಕವನ್ನು ಕೇಳದೆಯೇ ಬಿಚ್ಚಿ ಒರೆಸಿ ಬೈಸಿಕೊಂಡವನು ನಾನು.

ನಮ್ಮ ಅಂಗಡಿಯ ಎದುರಿಗೆ ವಾಸಣ್ಣನ ಸ್ಟುಡಿಯೋ. ವಾಸಣ್ಣ ನನಗಿಂತ ಹಿರಿಯ, ನರಸಿಂಹರಾಜಪುರದಿಂದ ಶೃಂಗೇರಿಯವರೆಗೆ ಅವನು ಫೋಟೋ ಹಿಡಿಯದ ಮದುವೆ ಕಡಿಮೆ. ನನ್ನ ದೇವಯಾನಿಯನ್ನು ಮೊದಲ ಸಲ ನೋಡಿದಾಗ ಅವನು ಕೇಳಿದ ಪ್ರಶ್ನೆ, "ಹೆಣ್ಣು ಚಂದ ಇದ್ದಾಳೆ, ಬಣ್ಣ ಸ್ವಲ್ಪ ತಿಳಿ ಮಾಡೋಣ್ವಾ?" ಬೇಡ ಎನ್ನುವುದರೊಳಗೆ ಮಾಡಿಯೇ ಬಿಟ್ಟಿದ್ದ. ಎರಡು ಲಕ್ಷ ಜ್ಯೋತಿರ್ವರ್ಷವೋ ಇಪ್ಪತ್ತೈದು ಲಕ್ಷವೋ, ದೂರದ ಲೆಕ್ಕ ಅವನಿಗೆ ಬೇಕಿರಲಿಲ್ಲ. ಅವನ ಕೈಗೆ ಬಂದ ಯಾವ ಮುಖವೂ ಬಂದ ಹಾಗೆಯೇ ಹೊರಗೆ ಹೋಗುವುದಿಲ್ಲ. ನಮ್ಮಿಬ್ಬರಿಗೂ ಗೆಳೆತನ ಆದದ್ದು ಹೀಗೆ. ನಾನು ಒರೆಸುವವನು, ಅವನು ಬಳಿಯುವವನು.

ಕೆಲವು ವರ್ಷದ ಹಿಂದೆ ಒಂದು ಮಧ್ಯಾಹ್ನ ವಾಸಣ್ಣ ಒಬ್ಬ ಹೆಂಗಸನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದ. "ಇವ್ರು ಗಿರಿಜಕ್ಕ, ಭಂಡಿಗಡಿಯವ್ರು. ಇವ್ರ ಕೆಲ್ಸ ನನ್ನ ಕೈಲಿ ಆಗಲ್ಲ, ನಿನ್ನ ಗೆಲಾಕ್ಸಿ ವಿದ್ಯೆ ಬೇಕು" ಎಂದ. ಗಿರಿಜಕ್ಕ ಬೆಂಚಿನ ತುದಿಯಲ್ಲಿ ಕೂತು ವಿಷಯ ಹೇಳಿದರು. ಅವರ ತಾಯಿ ನಾಗವೇಣಿಯಮ್ಮ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ವರ್ಷಾಂತಿಕದ ಹೊತ್ತಿಗೆ ಗೋಡೆಗೆ ಒಂದು ಫೋಟೋ ಹಾಕಬೇಕು. ಆದರೆ ಫೋಟೋ ಇಲ್ಲ.

"ಆಧಾರ್ ಕಾರ್ಡಲ್ಲಿ ಇರ್ತದಲ್ಲ?" ಎಂದೆ.

"ಅದ್ರಲ್ಲಿ ಅಮ್ಮ ಕಳ್ಳಿ ತರ ಕಾಣ್ತಾರೆ ಅಣ್ಣ. ತುಟಿ ಬಿಗಿದುಕೊಂಡು, ಕಣ್ಣು ಅಷ್ಟಗಲ ಬಿಟ್ಟು. ಹಂಗೆ ಅವ್ರು ಯಾವತ್ತೂ ಇರ್ಲಿಲ್ಲ. ಅದಕ್ಕೆ ಹಾರ ಹಾಕಿ ದಿನಾ ನೋಡೋದು ಹ್ಯಾಗೆ?"

ನಾಗವೇಣಿಯಮ್ಮ ಕ್ಯಾಮೆರಾ ಕಂಡರೆ ಅಡುಗೆಮನೆಗೆ ಓಡುವವರು. ಮೊಬೈಲು ಎತ್ತಿದರೆ ಬೆನ್ನು ತಿರುಗಿಸುವವರು. ಬಂಧುಗಳ ಆಲ್ಬಮ್ಮುಗಳಲ್ಲಿ ಅವರ ಸೆರಗು ಇದೆ, ಮುಡಿಯಿದೆ, ಒಂದು ಕಡೆ ಅರ್ಧ ಕಿವಿಯಿದೆ. ಗಿರಿಜಕ್ಕ ಮನೆಮನೆಗೆ ಹೋಗಿ ಹುಡುಕಿ, ಕೊನೆಗೆ ನರಸಿಂಹರಾಜಪುರದಲ್ಲಿ ನಡೆದ ಯಾರದೋ ಮದುವೆಯ ವೀಡಿಯೋದಲ್ಲಿ ತಾಯಿಯನ್ನು ಹಿಡಿದಿದ್ದರು. ಮುಂದೆ ಧಾರೆ ನಡೆಯುತ್ತಿದೆ, ವೀಡಿಯೋದವನ ದೀಪ ಕಣ್ಣು ಕೋರೈಸುತ್ತಿದೆ. ಹಿಂದೆ, ಊಟದ ಹಾಲ್‌ನ ಬಾಗಿಲಲ್ಲಿ, ಮಬ್ಬಿನಲ್ಲಿ ನಾಗವೇಣಿಯಮ್ಮ ಕೆಲವು ಕ್ಷಣ ನಿಂತಿದ್ದಾರೆ. ಯಾರೋ ಏನೋ ಹೇಳಿರಬೇಕು, ನಗುತ್ತಿದ್ದಾರೆ. ಒಂದು ಕೈ ಬಾಯಿಗೆ ಅಡ್ಡ ಬಂದಿದೆ. "ಇದೊಂದೇ ಅಣ್ಣ. ಇದ್ರಲ್ಲಿ ಆಗದಿದ್ರೆ ಮತ್ತೆಲ್ಲೂ ಇಲ್ಲ" ಎಂದರು.

ನನಗೆ ಉತ್ಸಾಹ ಉಕ್ಕಿತು, ಸುಳ್ಳು ಹೇಳುವುದಿಲ್ಲ. ಮುಂದೆ ಪ್ರಖರ ದೀಪ, ಹಿಂದೆ ಮಂದವಾದ ಒಂದು ಆಕಾರ, ಅದರ ಹತ್ತಾರು ಚಿತ್ರ. ಇದು ನಮ್ಮ ತಾರಸಿಯ ಕಥೆಯೇ ಅಲ್ಲವೇ? ವೀಡಿಯೋದಿಂದ ಒಂದೊಂದೇ ಚಿತ್ರ ಬಿಡಿಸಿಕೊಂಡೆ. ಪೇರಿಸುವುದಕ್ಕೆ ಗುರುತಿಗೊಂದು ನಕ್ಷತ್ರ ಬೇಕಲ್ಲ, ಅವರ ಮೂಗುಬೊಟ್ಟು ಆ ಮಬ್ಬಿನಲ್ಲೂ ಮಿನುಗುತ್ತಿತ್ತು, ಅದನ್ನೇ ಹಿಡಿದೆ. ಪೇರಿಸಿದಂತೆ ಹಣೆ ಬಂತು, ಹುಬ್ಬು ಬಂತು, ಬೈತಲೆಯ ನೆರೆಗೂದಲು ಬಂತು. ದೀಪದ ಪ್ರಭೆಯನ್ನು ಕಳೆದೆ. ಉಳಿದದ್ದು ಆ ಕೈ.

"ಈ ಕೈಯೊಂದು ಅಡ್ಡ ಮಾರಾಯ" ಎಂದ ವಾಸಣ್ಣ. ನಗುವಾಗ ಕೈ ಅಲುಗುತ್ತಿತ್ತು. ಅಲುಗಾಡಿದ್ದು ಕಸ. ವಿಮಾನ ತೆಗೆಯುವ ಹಾಗೆಯೇ ಅದನ್ನೂ ತೆಗೆದೆ. ಕೈ ಹೋದ ಜಾಗದಲ್ಲಿ ಬಾಯಿಯೂ ಅಲ್ಲದ ಗಲ್ಲವೂ ಅಲ್ಲದ ಒಂದು ಕಲೆ ಉಳಿಯಿತು. ಅದು ವಾಸಣ್ಣನ ಸೀಮೆ. ಆಗಷ್ಟೇ ಬಂದಿದ್ದ ಸಾಫ್ಟ್‌ವೇರುಗಳಲ್ಲಿ ಇಲ್ಲದ್ದನ್ನು ಊಹಿಸಿ ತುಂಬುವ ಸೌಲಭ್ಯ ಇದೆಯಲ್ಲ, ಅದರಿಂದ ಅವನು ಒಂದು ಚಂದದ ಬಾಯಿ ಕೂರಿಸಿದ, ದಾಳಿಂಬೆ ಬೀಜದಂಥ ಹಲ್ಲಿನ ಸಾಲು ಸ್ವಲ್ಪವೇ ಕಾಣುವ ಹಾಗೆ. ಬಣ್ಣವನ್ನೂ ತಿಳಿ ಮಾಡಿದ. ಕೆಲಸ ಮುಗಿದಾಗ ಇಬ್ಬರೂ ಹಿಂದೆ ಸರಿದು ನಿಂತು ನೋಡಿದೆವು. "ಇದನ್ನ ನೋಡಿ ಗಿರಿಜಕ್ಕ ಅತ್ತೇ ಬಿಡ್ತಾರೆ" ಎಂದ ವಾಸಣ್ಣ. ನನಗೂ ಹಾಗೆಯೇ ಅನಿಸಿತ್ತು.

ಗಿರಿಜಕ್ಕ ಬಂದರು, ನೋಡಿದರು, ಅಳಲಿಲ್ಲ. ಬಹಳ ಹೊತ್ತು ನೋಡಿ, "ಚೆನ್ನಾಗಿದ್ದಾರೆ" ಎಂದರು. ಆಮೇಲೆ ಸಂಕೋಚದಿಂದ, "ಆದ್ರೆ ಇವ್ರು ಯಾರು?" ಎಂದರು.

ವಾಸಣ್ಣ, "ಬಾಯಿ ನೋಡಿ ಅಕ್ಕ, ಹ್ಯಾಗೆ ನಗ್ತಿದ್ದಾರೆ" ಎಂದು ತೋರಿಸಿದ.

"ಅಮ್ಮಂಗೆ ಉಬ್ಬುಹಲ್ಲು. ಚಿಕ್ಕಂದಿನಲ್ಲಿ ಯಾರೋ ಆಡಿಕೊಂಡ್ರಂತೆ. ಅವತ್ತಿಂದ ಕೈ ಅಡ್ಡ ಹಿಡೀದೆ ನಕ್ಕಿದ್ದು ನಾನೇ ನೋಡಿಲ್ಲ. ಇಂಥಾ ಹಲ್ಲು ಇದ್ದಿದ್ರೆ ಅವ್ರು ಫೋಟೋಗೆ ಹೆದರಿ ಎಂತಕ್ಕೆ ಓಡ್ತಿದ್ರು?" ಎಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಕುಗ್ಗಿಸಿತು. ಒಂದೇ ಒಂದು ಕಡೆ ಉಳಿದಿದ್ದ ತಾಯಿಯನ್ನು ನಾವಿಬ್ಬರು ಸೇರಿ ತೊಳೆದು ಹಾಕಿದ್ದೆವು. ಗಿರಿಜಕ್ಕ ಏಳಲು ಹೊರಟರು, ಊರಿಗೆ ಹೋಗುವ ಕಮ್ಮರಡಿ ಬಸ್ಸಿಗೆ ಹೊತ್ತಾಯಿತು ಎಂದರು.

"ಸ್ವಲ್ಪ ಕೂತ್ಕೊಳ್ಳಿ" ಎಂದೆ. ಗೆಲಾಕ್ಸಿಯ ಕೆಲಸದಲ್ಲಿ ಪ್ರತಿ ಹಂತವನ್ನೂ ಬೇರೆ ಬೇರೆ ತೆಗೆದಿಡುವುದು ನನ್ನ ಅಭ್ಯಾಸ. ಕಣ್ಣು ಪರೀಕ್ಷೆ ಮಾಡುವಾಗ ಒಂದೊಂದೇ ಗಾಜು ಹಾಕಿ ತೆಗೆದು, ಇದಾ, ಅದಾ ಎಂದು ಕೇಳುವುದು ನನ್ನ ಕಸುಬು. ಹಾಗೆಯೇ ಶುರು ಮಾಡಿದೆ, ಆದರೆ ಹಿಂದುಮುಂದಾಗಿ. ವಾಸಣ್ಣನ ಬಾಯಿ ಹೋಯಿತು. "ಇದಾ?" ಗಿರಿಜಕ್ಕ ತಲೆಯಾಡಿಸಿದರು, ಅಲ್ಲ. ಬಣ್ಣ ಹೋಯಿತು. ಅಲ್ಲ. ನಾನು ಕಳೆದಿದ್ದ ದೀಪದ ಪ್ರಭೆ ಮರಳಿ ಬಂದು ಒಂದು ಕೆನ್ನೆಯ ಮೇಲೆ ಬಿತ್ತು. ಗಿರಿಜಕ್ಕ ಸ್ವಲ್ಪ ಮುಂದಕ್ಕೆ ಬಾಗಿದರು. ಒಂದೊಂದು ಹೆಜ್ಜೆ ಹಿಂದೆ ಹೋದ ಹಾಗೆಲ್ಲ ಚಿತ್ರ ಕೆಡುತ್ತಿತ್ತು, ನನ್ನ ಕಣ್ಣಿಗೆ ಕಿರಿಕಿರಿಯಾಗುತ್ತಿತ್ತು, ಅವರ ಮುಖ ಮಾತ್ರ ಬಿಚ್ಚಿಕೊಳ್ಳುತ್ತಿತ್ತು. ಕೊನೆಗೆ ಉಳಿದದ್ದು ಮೊದಲ ಹಂತದ ಬರೀ ಪೇರಿಕೆ, ಕಸವೆಂದು ಏನನ್ನೂ ತೆಗೆಯದೆ ಇದ್ದದ್ದು. ಮರಳು ಮರಳಾದ ಚಿತ್ರ, ಮಬ್ಬಿನ ಬಾಗಿಲು. ಅದರಲ್ಲಿ ಒಂದು ಕೈ, ನಗುವಿಗೆ ಅಲುಗಿ ಅಂಚು ಕಲಸಿಹೋದ ಕೈ, ಬಾಯಿಯ ಮೇಲೆ.

"ನಿಲ್ಸಿ" ಎಂದರು ಗಿರಿಜಕ್ಕ. ಆಮೇಲೆ ನಮ್ಮ ಕಡೆ ನೋಡದೆ, ಪರದೆಗೇ ಹೇಳಿದರು: "ಅಮ್ಮ."

ಆಗ ಅತ್ತವನು ವಾಸಣ್ಣ. ಆಮೇಲೆ ಮೂಗು ಒರೆಸಿಕೊಂಡು ತನ್ನ ಮಾಮೂಲು ದನಿಗೆ ಬಂದು, "ಪ್ರಿಂಟ್ ಹಾಕಿಕೊಡ್ತೀನಿ. ಆದ್ರೆ ಕೆಳಗೆ ಸ್ಟುಡಿಯೋ ಹೆಸರು ಮಾತ್ರ ಹಾಕಲ್ಲ ಮಾರಾಯ. ಬಾಯೇ ಕಾಣದ ಫೋಟೋ ಹಿಡಿದವ್ನು ಯಾರು ಅಂತ ಜನ ಕೇಳ್ತಾರೆ" ಎಂದ. ಗಾಜಿನ ಕಟ್ಟು ಹಾಕಿಸಿ ಅವನೇ ಭಂಡಿಗಡಿಗೆ ಹೋಗಿ ಕೊಟ್ಟು ಬಂದ.

ನಾನು ಅದಾದ ಮೇಲೆ ನನ್ನ ಹಳೆಯ ದೇವಯಾನಿಯನ್ನೂ ಹಾಗೆಯೇ ಒಂದೊಂದು ಹೆಜ್ಜೆ ಹಿಂದಕ್ಕೆ ಒಯ್ದು ನೋಡಿದೆ. ಕಪ್ಪು ಆಕಾಶದಲ್ಲಿ ಕತ್ತರಿಸಿ ಇಟ್ಟಂತಿದ್ದ ಗೆಲಾಕ್ಸಿ, ಹಿಂದೆ ಹೋದಂತೆ ಅಗಲವಾಗುತ್ತಾ ಹೋಯಿತು. ಕೊಪ್ಪದ ದೀಪದ ಹೊಗರೆಂದು ನಾನು ಕಳೆದಿದ್ದರಲ್ಲಿ ಅದರ ಅಂಚಿನ ಮಂದ ಬೆಳಕೂ ಒಂದಷ್ಟು ಹೋಗಿತ್ತು. ಎಷ್ಟು ಅದರದ್ದು, ಎಷ್ಟು ನಮ್ಮೂರಿನದ್ದು ಎಂದು ಕೇಳೋಣವೆಂದರೆ ದೇವಯಾನಿಯ ಮಗಳು ಯಾರೂ ನನ್ನ ಅಂಗಡಿಗೆ ಬರುವಂತಿಲ್ಲ. ಅಲ್ಲಿಂದೀಚೆಗೆ ನನ್ನ ಚಿತ್ರಗಳು ಸ್ವಲ್ಪ ಕೊಳೆಯಾಗಿವೆ ಎಂದು ಆಕಾಶದ ಗೆಳೆಯರು ದೂರುತ್ತಾರೆ. ಇರಲಿ ಎನ್ನುತ್ತೇನೆ.

ಇವತ್ತು ಮಧ್ಯಾಹ್ನ ಗಿರಿಜಕ್ಕ ಅಂಗಡಿಗೆ ಬಂದಿದ್ದರು. ಸೂಜಿಗೆ ದಾರ ಪೋಣಿಸುವುದು ಕಷ್ಟವಾಗುತ್ತಿದೆಯಂತೆ, ಅವರಿಗೂ ಕನ್ನಡಕದ ವಯಸ್ಸು. ಪರೀಕ್ಷೆಯ ಕಟ್ಟು ಮೂಗಿನ ಮೇಲೆ ಕೂರಿಸಿ ಗಾಜು ಬದಲಿಸುತ್ತಾ, ಫೋಟೋ ಹೇಗಿದೆ ಎಂದು ಕೇಳಿದೆ.

"ಎಂತ ಹೇಳೋದು ಅಣ್ಣ, ಬಂದವ್ರೆಲ್ಲ ಅದ್ರ ಮುಂದೆ ನಿಂತು, ನಾಗವೇಣಿ ಎಂತಕ್ಕೆ ಇಷ್ಟು ನಗ್ತಿದ್ದಾಳೆ ಅಂತ ಕೇಳ್ತಾರೆ. ಬಾಯೇ ಕಾಣಲ್ಲ, ಆದ್ರೂ ಎಲ್ರಿಗೂ ಗೊತ್ತಾಗ್ತದೆ ನೋಡಿ" ಎಂದು ಹೇಳಿ ಗಿರಿಜಕ್ಕ ನಗತೊಡಗಿದರು. ನಗುತ್ತಾ ಅವರ ಬಲಗೈ ತಾನಾಗಿಯೇ ಮೇಲೆದ್ದು ಬಾಯಿಗೆ ಅಡ್ಡ ಬಂತು.

ಗಿರಿಜಕ್ಕನ ಹಲ್ಲು ನಾನು ಎಷ್ಟೋ ಸಲ ನೋಡಿದ್ದೇನೆ, ಸಾಲಾಗಿ ನೆಟ್ಟಗಿವೆ. ಗಾಜನ್ನು ಕೈಯಲ್ಲೇ ಹಿಡಿದುಕೊಂಡು ಆ ಕೈ ಇಳಿಯುವವರೆಗೆ ಕಾದೆ.