ಹಗೇವು ಓ ಅಂದದ್ದು

ಮದುವೆಯಾಗಿ ಹುಮನಾಬಾದಿಗೆ ಬಂದ ಹೊಸತರಲ್ಲಿ ಅತ್ತೆ ನನಗೆ ಮೊದಲು ಕಲಿಸಿದ್ದು ಹಗ್ಗ ಹಿಡಿಯುವುದನ್ನು. ಹುಲಸೂರಿನ ಕಡೆಯಿಂದ ಬಂದವಳು ನಾನು, ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ. ಇದೆಂಥ ಮನೆಯವ್ವಾ, ಬಂದ ಸೊಸೆಗೆ ಒಲೆ ತೋರಿಸುವುದು ಬಿಟ್ಟು ಕೈಗೆ ಹಗ್ಗ ಕೊಡುತ್ತಾರೆ ಎಂದು ಒಳಗೊಳಗೇ ಉರಿದುಕೊಂಡೆ.

ಗಂಡನ ಮನೆಯವರದು ಹಗೇವು ತೆಗೆಯುವ ಕೆಲಸ. ಹೊಲದ ಕೂಲಿ ಇಲ್ಲದ ದಿನಗಳಲ್ಲಿ ಯಾರು ಕರೆದರೂ ಹೋಗುತ್ತಿದ್ದರು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ಮಾತ್ರ ದೊಡ್ಡ ಗಡಿಗೆಯ ಹಾಗೆ. ವರ್ಷಗಟ್ಟಲೆ ಮುಚ್ಚಿಟ್ಟ ಕಾಳಿನ ನಡುವೆ ಕೆಟ್ಟ ಗಾಳಿ ಸೇರಿಕೊಂಡಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಇಳಿದವನು ನಿದ್ದೆ ಬಂದವನಂತೆ ಕುಸಿಯುತ್ತಾನೆ, ಅಷ್ಟೇ.

ಅದಕ್ಕೇ ಆ ಕೆಲಸಕ್ಕೊಂದು ಕಟ್ಟಳೆ ಇತ್ತು. ಬಾಯಿಗೆ ಮುಚ್ಚಿದ ಕಲ್ಲು ಸರಿಸಿ ಗಾಳಿಗೆ ಬಿಡಬೇಕು. ಆಮೇಲೆ ಕಂದೀಲು ಇಳಿಬಿಡಬೇಕು, ಅದು ಆರಿದರೆ ಯಾರೂ ಇಳಿಯುವಂತಿಲ್ಲ. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ಮನೆಯ ಹೆಂಗಸಿನ ಕೈಗೆ ಕೊಡಬೇಕು. ನಮ್ಮ ಮಾವ ಬಾಯಿಯ ಪಕ್ಕ ಕುಳಿತು ಆಗಾಗ ‘ಓ’ ಎಂದು ಕೂಗುತ್ತಿದ್ದರು, ಒಳಗಿದ್ದವನೂ ‘ಓ’ ಎನ್ನಬೇಕು. ಹೆಸರು ಹಿಡಿದು ಮಾತ್ರ ಕೂಗುತ್ತಿರಲಿಲ್ಲ. ಹೆಸರು ಹೇಳಿದರೆ ಹಗೇವು ಅದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ ಎಂದು ಹಿರಿಯರಿಂದ ಬಂದ ನಂಬಿಕೆ.

ಅತ್ತೆ ಕಲಿಸಿದ ರೀತಿಯೇ ಬೇರೆ. ಕೊಟ್ಟಿಗೆಯ ಗೋಡೆಯ ಆಚೆಗೆ ಕರು ಕಟ್ಟಿ, ಹಗ್ಗವನ್ನು ಕಿಂಡಿಯಿಂದ ಈಚೆಗೆ ಎಳೆದು ನನ್ನ ಕೈಗೆ ಕೊಡುತ್ತಿದ್ದರು. ಕಣ್ಣು ಮುಚ್ಚಿಕೊಂಡು ಕರು ಏನು ಮಾಡುತ್ತಿದೆ ಎಂದು ನಾನು ಹೇಳಬೇಕು. ನಿಂತಿದೆಯೋ, ಮೆಲುಕು ಹಾಕುತ್ತಿದೆಯೋ, ಮಲಗಿದೆಯೋ. ತಪ್ಪಿದರೆ ತಲೆಗೊಂದು ಮೊಟಕು. ಒಂದು ದಿನ ನನಗೆ ರೇಗಿ, ಕರು ಮಲಗಿದೆ, ಹಗ್ಗ ಸುಮ್ಮನಿದೆ, ಇನ್ನೇನು ಹೇಳಲಿ ಎಂದೆ. ಅವರು ನನ್ನ ಅಂಗೈಯನ್ನು ಹಗ್ಗಕ್ಕೆ ಒತ್ತಿ ಹಿಡಿದರು.

“ಜೀವ ಇದ್ದದ್ದು ಸುಮ್ನ ಇರೂದುಲ್ಲವ್ವ. ಉಸರಾಡಾಕತ್ತೈತಿ ನೋಡು, ಹಗ್ಗ ಬರತೈತಿ, ಹೋಗತೈತಿ.”

ನಿಜವಾಗಿಯೂ ಬರುತ್ತಿತ್ತು, ಹೋಗುತ್ತಿತ್ತು. ಅಂದಿನಿಂದ ನಾನು ತಕರಾರು ಮಾಡದೆ ಕಲಿತೆ.

ಯುದ್ಧದ ಕಾಲ. ಸರ್ಕಾರ ಲೆವಿ ಎಂದು ಕಾಳು ಎತ್ತಿಕೊಂಡು ಹೋಗುತ್ತಿತ್ತು, ಉಳ್ಳವರು ಹಗೇವಿನ ಬಾಯಿಯ ಮೇಲೆ ಕಸ ಗುಡ್ಡೆ ಹಾಕಿ ಮರೆಮಾಡಿದ್ದರು. ಕಲ್ಯಾಣಿಯ ಸಾಹುಕಾರರೊಬ್ಬರ ಹಳೇ ವಾಡೆಯಿಂದ ನಮಗೆ ಕರೆ ಬಂತು. ಈಗಿನ ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎಂದೇ ಹೆಸರು. ಅತ್ತೆಗೆ ಕೈಬೆರಳು ಬಾತು ಹಗ್ಗ ಹಿಡಿಯಲು ಆಗುತ್ತಿರಲಿಲ್ಲ. ಮಾವ, ನನ್ನ ಗಂಡ, ನಾನು ಬಂಡಿ ಕಟ್ಟಿಕೊಂಡು ಹೋದೆವು. ಬುಟ್ಟಿ ಎಳೆಯಲು ಊರಿನ ಇಬ್ಬರು ಆಳುಗಳು ಸಿಕ್ಕರು.

ಆ ವಾಡೆಯಲ್ಲಿ ಯಾರೂ ಇರುತ್ತಿರಲಿಲ್ಲ. ಹಗೇವು ನಡುಮನೆಯ ನೆಲದೊಳಗಿತ್ತು. ಹಗಲಿನಲ್ಲೂ ಅಲ್ಲಿ ಸಂಜೆಯ ಬೆಳಕು. ಬಂಡಿಯ ಎತ್ತುಗಳು ಹೊಸ್ತಿಲಿನ ಹತ್ತಿರಕ್ಕೂ ಬರಲೊಲ್ಲದೆ ದೂರ ನಿಂತವು. ಆಳುಗಳು ಅದನ್ನು ನೋಡಿಯೂ ನೋಡದವರಂತೆ ಇದ್ದರು. ನನಗಂತೂ ಆ ಜಾಗ ಬೇಡವೇ ಬೇಡ ಎನಿಸಿತು. ಆದರೆ ಯಾರಿಗೆ ಹೇಳಲಿ? ಮಾವನ ಎದುರು ಸೊಸೆ ಬಾಯಿ ಬಿಡುವಂತಿರಲಿಲ್ಲ. ಮದುವೆಯಾದಾಗಿನಿಂದ ಅವರ ಜೊತೆ ನಾನು ಒಂದು ಮಾತೂ ಆಡಿರಲಿಲ್ಲ. ಏನಾದರೂ ತಿಳಿಸಬೇಕಾದರೆ ಬಳೆ ಸಪ್ಪಳ ಮಾಡಬೇಕು, ಅವರು ಗೋಡೆಯ ಕಡೆ ಮುಖ ಮಾಡಿ ಯಾರಿಗೋ ಹೇಳಿದಂತೆ ಹೇಳುತ್ತಿದ್ದರು.

ಕಲ್ಲು ಸರಿಸಿ ಗಾಳಿಗೆ ಬಿಟ್ಟದ್ದಾಯಿತು. ಕಂದೀಲು ಆರದೆ ಉರಿಯಿತು. ಗಂಡ ಇಳಿದರು. ಮೊದಮೊದಲು ಕಾಳು ತುಂಬಿದ್ದರಿಂದ ಅವರ ‘ಓ’ ಹಾಸಿಗೆಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಬುಟ್ಟಿಗಳು ಮೇಲೆ ಬಂದಂತೆಲ್ಲ ಹಗೇವು ಖಾಲಿಯಾಗುತ್ತ, ಧ್ವನಿ ದೊಡ್ಡದಾಗುತ್ತ ಹೋಯಿತು. ಅಂಥ ಆಳದ ಹಗೇವು ನಮ್ಮ ಹುಮನಾಬಾದಿನಲ್ಲಿ ಇರಲಿಲ್ಲ. ಆಮೇಲೆ ಒಂದು ಬುಟ್ಟಿಯಲ್ಲಿ ಕರ್ರಗಿನ ಕಾಳು ಬಂತು. ತಳದಲ್ಲಿ ನೀರು ಇಳಿದು ಜೋಳ ಕೊಳೆತಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಆಳುಗಳು ಮೂಗು ಮುಚ್ಚಿಕೊಂಡು ಅದನ್ನು ಅಂಗಳಕ್ಕೆ ಸುರಿದು ಬಂದರು. ಕಂದೀಲು ಮುಟ್ಟದ ಆ ತಳದಲ್ಲೇ ಕೆಟ್ಟ ಗಾಳಿ ಇದ್ದೀತು ಎಂದು ಯಾರಿಗೂ ಹೊಳೆಯಲಿಲ್ಲ.

ಬುಟ್ಟಿ ಮತ್ತೆ ಇಳಿಯಿತು, ತುಂಬಿ ಬರಲಿಲ್ಲ. ಮಾವ ಬಗ್ಗಿ ‘ಓ’ ಎಂದರು. ಒಳಗಿನಿಂದ ‘ಓ’ ಎಂದು ಬಂತು. ದಣಿದಿರಬೇಕು, ಕೂತಿರಲಿ ಎಂದು ಆಳುಗಳಿಗೆ ಹೇಳಿ ಎಲೆ ಅಡಿಕೆ ತೆಗೆದರು.

ನನ್ನ ಕೈಯಲ್ಲಿದ್ದ ಹಗ್ಗ ಬರುತ್ತಿರಲಿಲ್ಲ, ಹೋಗುತ್ತಿರಲಿಲ್ಲ.

ಎರಡು ಸಲ ಜಗ್ಗಿದೆ. ಒಳಗಿದ್ದವರು ತಿರುಗಿ ಎರಡು ಸಲ ಜಗ್ಗಬೇಕಿತ್ತು. ಏನೂ ಇಲ್ಲ. ಭಾರ ಮಾತ್ರ ಇತ್ತು, ಚೀಲ ಕಟ್ಟಿ ಬಿಟ್ಟಂಥ ಭಾರ. ಬಳೆ ಸಪ್ಪಳ ಮಾಡಿದೆ. ಮಾವ ನನ್ನ ಕಡೆ ನೋಡದೆ ಮತ್ತೊಮ್ಮೆ ‘ಓ’ ಎಂದರು. ಮತ್ತೆ ‘ಓ’ ಬಂತು, ತುಂಬಾ ಶಾಂತವಾಗಿ. ಆ ಶಾಂತ ಧ್ವನಿ ಕೇಳಿಯೇ ನನಗೆ ಹೆದರಿಕೆ ಹೆಚ್ಚಿತು. ಕೈಯಲ್ಲಿ ಇಲ್ಲದ ಮನುಷ್ಯ ಕಿವಿಯಲ್ಲಿ ಇದ್ದ. ಎರಡರಲ್ಲಿ ಯಾವುದನ್ನು ನಂಬಲಿ? ಇನ್ನಷ್ಟು ಜೋರಾಗಿ ಬಳೆ ಕುಲುಕಿದೆ. ಮಾವನಿಗೆ ರೇಗಿತು. ಗೋಡೆಯ ಕಡೆ ತಿರುಗಿ, ಓ ಅನ್ನುವುದು ಕೇಳಿಸುವುದಿಲ್ಲವೇನು ಎಂದರು.

ಇದ್ದ ಸೆರಗು, ಸಂಕೋಚ ಎಲ್ಲ ಸುಡುಗಾಡಿಗೆ ಹೋಗಲಿ ಎನಿಸಿತು.

“ಹಗ್ಗ ಸತ್ತೈತ್ರಿ ಮಾವಾ. ಓ ಅನ್ನಾಕತ್ತಿದ್ದು ಅವರಲ್ರಿ.”

ಮಾವ ಮೊದಲ ಸಲ ನನ್ನ ಮುಖ ನೋಡಿದರು. ಆಮೇಲೆ ಹಗೇವಿನ ಬಾಯಿಗೆ ಬಗ್ಗಿ, ಕೂಗಲಿಲ್ಲ, ಒಮ್ಮೆ ಕೆಮ್ಮಿದರು. ಅರೆಗಳಿಗೆ ತಡೆದು ಒಳಗಿನಿಂದಲೂ ಕೆಮ್ಮು ಬಂತು. ಅದು ನನ್ನ ಗಂಡನದಲ್ಲ, ಮುದುಕನ ಕೆಮ್ಮು.

ಅವರ ಬಾಯಿಂದ ಎಲೆಯ ತುಣುಕು ಹಾಗೇ ಕೆಳಗೆ ಬಿತ್ತು. “ನಾನೂ ಇಳೀತೀನಿ” ಎಂದು ಕಾಲು ಇಳಿಬಿಟ್ಟವರನ್ನು ಒಬ್ಬ ಆಳು ರಟ್ಟೆ ಹಿಡಿದು ಹಿಂದಕ್ಕೆಳೆದ. ಇಳಿದಿದ್ದರೆ ಇಬ್ಬರೂ ಒಳಗೇ ಉಳಿಯುತ್ತಿದ್ದರು. ಎಲ್ಲರೂ ಸೇರಿ ನನ್ನ ಕೈಯ ಹಗ್ಗವನ್ನೇ ಎಳೆದೆವು. ಬಾಯಿಯ ಕಲ್ಲಿಗೆ ಭುಜ ತರಚಿ, ತಲೆ ಒಂದು ಕಡೆ ಜೋತುಬಿದ್ದು ಗಂಡ ಮೇಲೆ ಬಂದರು. ಮುಖ ನೀಲಿಯಾಗಿತ್ತು. ಅಂಗಳಕ್ಕೆ ಹೊತ್ತು ತಂದು ಮಲಗಿಸಿದೆವು. ಮಾವ ಎದೆ ತಿಕ್ಕಿದರು, ಆಳು ನೀರು ಚಿಮುಕಿಸಿದ. ನಾನು ಹಗ್ಗವನ್ನು ಬಿಟ್ಟಿರಲಿಲ್ಲ. ಎಲ್ಲರಿಗಿಂತ ಮೊದಲು ನನ್ನ ಅಂಗೈಗೇ ಗೊತ್ತಾಯಿತು. ಹಗ್ಗ ಬಂತು. ಬಹಳ ಹೊತ್ತಿನ ಮೇಲೆ ಹೋಯಿತು. ನಾನು ಜನರ ಮುಂದೆಯೇ ಗೋಳೋ ಎಂದು ಅತ್ತುಬಿಟ್ಟೆ.

ಮರುದಿನ ಬಂಡಿಯಲ್ಲಿ ಹಿಂದಿರುಗುವಾಗ ಗಂಡ ಹುಲ್ಲಿನ ಮೇಲೆ ಮಲಗಿದ್ದರು. ಮಾವ ಎತ್ತು ಹೊಡೆಯುತ್ತಿದ್ದರು. ಅಷ್ಟು ಹೊತ್ತು ಒಳಗೆ ಏನೂ ಕೇಳಿಸಲಿಲ್ಲವೇ ಎಂದು ನಾನು ಗಂಡನನ್ನು ಮೆಲ್ಲಗೆ ಕೇಳಿದೆ. ಅವರು ಆಕಾಶ ನೋಡುತ್ತಲೇ ಹೇಳಿದರು.

“ಅಪ್ಪ ಕರದದ್ದು ಎಲ್ಲಾ ಕೇಳತಿತ್ತು. ಓ ಅನ್ನಾಕಂತ ಬಾಯಿ ತೆರೀತಿದ್ದೆ. ನನಗಿಂತ ಮೊದಲ ಯಾರೋ ಅಂತಿದ್ರು. ಧ್ವನಿ ನಂದ ಇತ್ತು. ಹೆಂಗೂ ಅನ್ನಾಕತ್ತಾರಲ್ಲ, ನಾ ಯಾಕ ಅನ್ಲಿ ಅಂತ ಸುಮ್ನಾದೆ.”

ಮಾವ ಎತ್ತುಗಳನ್ನು ಇನ್ನಷ್ಟು ಜೋರಾಗಿ ಹೊಡೆದರು. ಖಾಲಿಯಾದ ಹಗೇವು ಧ್ವನಿಯನ್ನು ತಿರುಗಿಸಿ ಕೊಡುತ್ತದೆ, ಅಷ್ಟೇ ಎಂದು ಆಮೇಲೆ ಓದಿದವರೊಬ್ಬರು ನನಗೆ ತಿಳಿಸಿ ಹೇಳಿದರು. ಇರಬಹುದು. ಅವರು ಆ ಕೆಮ್ಮು ಕೇಳಿಲ್ಲ.

ಭುಜದ ಗಾಯ ಮಾಗಿದ ಮೇಲೆ ಗಂಡ ಮತ್ತೆ ಕೆಲಸಕ್ಕೆ ಇಳಿದರು, ಹುಡಗಿ ಎಂಬ ಊರಿನ ರೈತರೊಬ್ಬರ ಹಿತ್ತಲಿನಲ್ಲಿ. ಮಾವ ಎಂದಿನಂತೆ ಬಾಯಿಯ ಪಕ್ಕ ಕುಳಿತರು. ಕೂಗಲಿಲ್ಲ. ರೂಢಿಯಿಂದ ತುಟಿ ತೆರೆದಾಗಲೆಲ್ಲ ಧೋತರದ ಚುಂಗಿನಿಂದ ಬಾಯಿ ಒತ್ತಿಕೊಳ್ಳುತ್ತಿದ್ದರು. ಸುತ್ತಲೂ ರೈತರ ಮನೆಯವರೆಲ್ಲ ನಿಂತು ನೋಡುತ್ತಿದ್ದರು. ಸ್ವಲ್ಪ ಹೊತ್ತು ಕಳೆದು ಮಾವ ನೇರವಾಗಿ ನನ್ನ ಕಡೆಗೇ ತಿರುಗಿದರು.

“ಅದಾನೇನವ್ವ?”

ನಾನು ಹಗ್ಗದ ಮೇಲೆ ಕೈ ಒತ್ತಿ, ಅವರಿಗೆ ಕೇಳುವಂತೆ ಹೇಳಿದೆ.

“ಅದಾರ್ರಿ.”