ಮೂಸಿ ನೋಡಿ ತಿರುಗಿದ ನಾಯಿ

ಮಾನ್ವಿಯಲ್ಲಿ ನನ್ನ ಅಕ್ಕನ ಗಂಡ ಒಂದು ಮುಧೋಳ ಗಂಡುನಾಯಿ ಸಾಕಿದ್ದ. ಅದರ ಹೆಸರು ಕೆಡಿಸಿದವನು ನಾನು.

ಮಾಮನಿಗೂ ನನಗೂ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಅಕ್ಕನ ಮದುವೆಯ ಊಟದ ಪಂಕ್ತಿಯಲ್ಲಿ ಶುರುವಾದ ಜಗಳ ಇಬ್ಬರ ತಲೆ ಬೆಳ್ಳಗಾದರೂ ಮುಗಿದಿರಲಿಲ್ಲ. ಆದರೆ ರಾಯಚೂರಿನಲ್ಲಿ ನಾನು ಸಾಕಿದ್ದ ಹೆಣ್ಣುನಾಯಿಗೆ ಸರಿಜೋಡಿ ಎಂದರೆ ಆತನ ನಾಯಿಯೇ. ಅದಕ್ಕೂ ವಯಸ್ಸಾಗುತ್ತಿತ್ತು. "ಇದು ಕಣ್ಣು ಮುಚ್ಚೋದ್ರೊಳಗ ಇದರದೊಂದು ಮರಿ ನನ್ನ ಅಂಗಳದಾಗ ಓಡ್ಯಾಡಬೇಕು" ಎಂದು ಮಾಮ ಅಕ್ಕನ ಮುಂದೆ ಹೇಳುತ್ತಿದ್ದನಂತೆ. ಆ ಆಸೆಗಾಗಿ ಸಿಟ್ಟು ನುಂಗಿಕೊಂಡು, ಬೆದೆಗೆ ಬಂದಾಗ ಹೆಣ್ಣನ್ನು ಕರೆದುಕೊಂಡು ಬಾ ಎಂದು ನನಗೆ ಹೇಳಿಕಳಿಸಿದ. ಹುಟ್ಟಿದ ಮರಿಗಳಲ್ಲಿ ಮೊದಲು ಆರಿಸಿಕೊಳ್ಳುವವರು ಗಂಡುನಾಯಿಯವರು. ನಾಯಿ ಸಾಕುವ ನಮ್ಮೊಳಗೆ ಅದು ವಾಡಿಕೆ.

ಅಕ್ಕಿ ಮಿಲ್ಲಿನಲ್ಲಿ ಚೀಲದ ಲೆಕ್ಕ ಬರೆದು ಮುದುಕನಾದವನು ನಾನು. ನಾಯಿಯ ವಿಷಯದಲ್ಲೂ ಲೆಕ್ಕವನ್ನೇ ನಂಬಿದೆ. ರಕ್ತ ಕಂಡ ಹನ್ನೆರಡನೇ ದಿನಕ್ಕೆ ಗಂಡಿನ ಹತ್ತಿರ ಒಯ್ಯಬೇಕೆಂದು ಎಲ್ಲರೂ ಹೇಳುತ್ತಾರೆ. ಒಂದು ಬೆಳಿಗ್ಗೆ ಪಡಸಾಲೆಯ ಬಂಡೆಯ ಮೇಲೆ ಎರಡು ಹನಿ ಕಂಡೆ. ಅಂದಿನಿಂದ ಎಣಿಸಿ, ಟಂಟಂ ಬಾಡಿಗೆಗೆ ಹಿಡಿದು ಮಾನ್ವಿಗೆ ಹೋದೆ.

ಮಾಮನ ನಾಯಿ ಬಂದು ನನ್ನ ನಾಯಿಯನ್ನು ಮೂಸಿತು. ಮೂಸಿ ಮುಖ ತಿರುಗಿಸಿ, ಬೇವಿನ ನೆರಳಿಗೆ ಹೋಗಿ ಮಲಗಿತು. ನನ್ನದು ಬಾಲವನ್ನು ಕಾಲ ಸಂದಿಗೆ ಸೇರಿಸಿ, ಕೂತು, ಗುರುಗುಟ್ಟಿತು.

"ಹೊತ್ತು ಮೀರ್ಯಾದಲೇ," ಎಂದ ಮಾಮ. "ಗಂಡಿಗೆ ವಾಸನಿ ಗೊತ್ತಾಗ್ತದ."

"ನನಗ ಲೆಕ್ಕ ಕಲಿಸಬ್ಯಾಡ್ರಿ. ರಕ್ತ ಕಂಡ ದಿನದಿಂದ ಎಣಿಸೀನಿ."

"ನಿನ್ನ ಕಣ್ಣಿಗೆ ಬೀಳೂಕಿಂತ ಮೊದಲೇ ಆಗಿರಬೇಕು."

"ನಿಮ್ಮ ನಾಯ್ಯಾಗ ದಮ್ ಇಲ್ಲ ಅನ್ರಿ ಮಾಮಾ. ಮಾಲಕನಂಗ ಅದಕ್ಕೂ ನೆಳ್ಳಿಗೆ ಮಲಗೂದೊಂದೇ ಗೊತ್ತು."

ಹೊಸ್ತಿಲಲ್ಲಿ ನಿಂತಿದ್ದ ಅಕ್ಕ, "ಸಾಕು ಮಾಡೋ ತಮ್ಮಾ," ಎಂದಳು. ನಾನು ಸಾಕು ಮಾಡಲಿಲ್ಲ. ನನ್ನ ನಾಯಿಯ ಬಾಯಿಗೆ ಟವೆಲ್ ಬಿಗಿದು, ಸೊಂಟ ಹಿಡಿದು ನಿಲ್ಲಿಸಲು ನೋಡಿದೆ. ಮಾಮ ಆ ಟವೆಲ್ ಬಿಚ್ಚಿ ನನ್ನ ಮುಖಕ್ಕೆ ಎಸೆದ. "ನಡೀ ಹೊರಗ."

ಹೊರಗೆ ಬಂದವನು ಸುಮ್ಮನೆ ರಾಯಚೂರಿಗೆ ಬರಬಹುದಿತ್ತು. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗೆ ಹೋದೆ. ಮಾಮ ದಿನಾ ಕೂಡುವ ಜಾಗ ಅದು. ಅಲ್ಲಿದ್ದವರಿಗೆಲ್ಲ ಕೇಳುವಂತೆ, ಆತನ ನಾಯಿ ಗಂಡಸಲ್ಲ ಎಂದು ಹೇಳಿ, ಅದು ತಿರುಗಿ ಹೋದದ್ದನ್ನು ನಟಿಸಿ ತೋರಿಸಿದೆ. ಎಲ್ಲರೂ ನಕ್ಕರು. ಮರುದಿನ ಮಾಮ ಅಲ್ಲಿಗೆ ಹೋದಾಗ ಯಾರೋ, "ಏನ್ರೀ, ನಿಮ್ಮ ನಾಯಿ ಸನ್ಯಾಸ ತಗೊಂಡದಂತ?" ಎಂದರಂತೆ. ಆಮೇಲೆ ಆ ಅಂಗಳಕ್ಕೆ ಯಾರೂ ಹೆಣ್ಣುನಾಯಿ ತರಲಿಲ್ಲ. ಹಾದಿಬೀದಿಯ ಕುಚೋದ್ಯ ತಾಳಲಾರದೆ ಮಾಮ ಅದನ್ನು ಗಬ್ಬೂರಿನ ಕಡೆ ಒಬ್ಬರ ಹತ್ತಿ ಹೊಲ ಕಾಯಲು ಕೊಟ್ಟ. ಅಲ್ಲಿ ಸರಪಳಿ ಹಾಕಿದರು. ಅದು ಅನ್ನ ಮುಟ್ಟದೆ ಸತ್ತಿತು. ಸುದ್ದಿ ಬಂದಾಗ ನಾನು, "ದಮ್ ಇಲ್ಲ ಅಂದಿದ್ನಿಲ್ಲ?" ಎಂದೆ. ಪಕ್ಕದಲ್ಲಿದ್ದ ಹೆಂಡತಿ ಎದ್ದು ಒಳಗೆ ಹೋದಳು.

ನನ್ನ ನಾಯಿ ಮತ್ತೆ ಬೆದೆಗೆ ಬಂದಾಗ ರಾಯಚೂರಿನಲ್ಲೇ ಒಬ್ಬ ಪಶುವೈದ್ಯರ ಹತ್ತಿರ ಒಯ್ದೆ. ಅದು ಹೆಂಡತಿಯ ಕೈಗೆ ಮಾತ್ರ ಬಗ್ಗುವುದರಿಂದ ಅವಳೂ ಬಂದಿದ್ದಳು. ಅಂಡ ಬಿಡುವ ದಿನ ಒಂದೊಂದು ನಾಯಿಗೆ ಒಂದೊಂದು ಥರ, ರಕ್ತ ಪರೀಕ್ಷೆ ಮಾಡಿದರೆ ತಿಳಿಯುತ್ತದೆ, ಬರೀ ಎಣಿಕೆ ನಂಬಿದರೆ ಕೆಡುತ್ತದೆ ಎಂದ ಡಾಕ್ಟರು, "ಮೊದಲ ಸಲ ರಕ್ತ ಯಾವಾಗ ಕಂಡ್ರಿ?" ಎಂದು ಕೇಳಿದರು.

"ಸೋಮವಾರ," ಎಂದೆ.

"ಅಲ್ರಿ," ಎಂದಳು ಹೆಂಡತಿ, ನನ್ನನ್ನು ನೋಡದೆ. "ಅದರ ಹಿಂದಿನ ವಾರ. ನಾ ಒರಿಸೀನಿ. ಹೋದ ಸಲಾನೂ ನಾನೇ ಒರಿಸಿದ್ದೆ."

"ಮತ್ತ ಯಾಕ ಹೇಳಲಿಲ್ಲ?" ನನ್ನ ದನಿ ಏರಿತ್ತು.

"ಯಾರಿಗೆ ಹೇಳಲಿ? ನಿಮಗ ಹೇಳಲೇನು?"

ಮದುವೆಯಾದ ಹೊಸತರಲ್ಲಿ ಅವಳು ಒಮ್ಮೆ, ತಾನು ಕಡಿಗಾಗಿದ್ದೇನೆ, ಇವತ್ತು ನೀರು ತರಲಾರೆ ಎಂದು ನನ್ನ ಗೆಳೆಯರ ಎದುರಿಗೆ ಅಂದಿದ್ದಳು. ಮುಟ್ಟಿನ ಮಾತು ಗಂಡಸರ ಕಿವಿಗೆ ಹಾಕುತ್ತೀಯಾ ಎಂದು ಕಪಾಳಕ್ಕೆ ಹೊಡೆದಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಆ ಮಾತು ಎದ್ದಿರಲಿಲ್ಲ. ಹೆಣ್ಣುಮಕ್ಕಳದ್ದಾಗಲಿ, ನಾಯಿಯದ್ದಾಗಲಿ, ನಾನು ಏಳುವ ಮೊದಲೇ ಅವಳು ಒರೆಸಿಬಿಡುತ್ತಿದ್ದಳು. ನಾನು ಕಂಡದ್ದು ಅವಳ ಕೈ ತಪ್ಪಿ ಉಳಿದ ಎರಡು ಹನಿ. ನನ್ನ ಲೆಕ್ಕ ಅಲ್ಲಿಂದ ಶುರುವಾಗಿತ್ತು.

ಮಾನ್ವಿಗೆ ಹೋದೆ. ಬೇವಿನ ಬುಡದಲ್ಲಿ ಮಾಮ ಒಬ್ಬನೇ ಕೂತಿದ್ದ. ನಾಯಿಯದು ತಪ್ಪಲ್ಲ, ನನ್ನ ಲೆಕ್ಕ ತಪ್ಪಿತ್ತು ಎಂದೆ.

"ಇದನ್ನ ನನ್ನ ಮುಂದ ಯಾಕ ಹೇಳಾಕತ್ತೀದಿ? ನನಗ ಅವತ್ತೇ ಗೊತ್ತಿತ್ತು. ಎಲ್ಲಿ ಉಗುಳೀದ್ಯೋ ಅಲ್ಲಿ ಹೋಗಿ ಬಳೀ." ಅಕ್ಕ ನೀರಿನ ತಂಬಿಗೆ ಹಿಡಿದು ಬಂದಳು, ಮಾಮ ಅದನ್ನು ಒಳಗೆ ಕಳಿಸಿದ.

ಚಹಾದಂಗಡಿಗೆ ಹೋಗಿ, ಮಾಮನ ನಾಯಿಯದು ತಪ್ಪಲ್ಲ, ನನ್ನ ಲೆಕ್ಕ ತಪ್ಪಿತ್ತು ಎಂದು ನಿಂತುಕೊಂಡೇ ಹೇಳಿದೆ.

"ಯಾವ ನಾಯಿ, ಯಜಮಾನ್ರ?"

"ಏ, ಆ ಸನ್ಯಾಸಿ ನಾಯಿಲೇ!" ಎಂದ ಇನ್ನೊಬ್ಬ. ಮತ್ತೆ ಎಲ್ಲರೂ ನಕ್ಕರು. ಎರಡನೇ ಸಲ ಹೇಳಿದೆ, ಗಟ್ಟಿಯಾಗಿ. "ಸತ್ತ ನಾಯಿಗೆ ಈಗ್ಯಾಕ ಸರ್ಟಿಫಿಕೇಟು, ಚಾ ಕುಡೀರಿ," ಎಂದರು.

ಮನೆಗೆ ಬಂದು ನಡೆದದ್ದನ್ನು ಹೆಂಡತಿಗೆ ಹೇಳಿದೆ. ಅವಳು ಬಂಡೆ ಒರೆಸುತ್ತಿದ್ದಳು.

"ಲೆಕ್ಕ ಯಾಕ ತಪ್ಪಿತು ಅಂತ ಹೇಳಿದ್ರೇನು?"

"ಇಲ್ಲ."

"ಹಂಗಾದ್ರ ಏನೂ ಹೇಳಿಲ್ಲ ನೀವು," ಎಂದು ಅವಳು ಬಟ್ಟೆ ಹಿಂಡಿದಳು.

ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆದಿದ್ದೇನೆ.