ಮೂಲೆಯಲ್ಲಿಟ್ಟ ಕುರ್ಚಿ

ಬೆಳಗ್ಗೆ ಆರೂವರೆ. ವೈದ್ಯಕೀಯ ಕಾಲೇಜಿನ ತರಬೇತಿ ಕೋಣೆಯಲ್ಲಿ ಆಕೆ ಒಬ್ಬರೇ. ಕಿಟಕಿ ತೆರೆದು, ಮಂಚದ ಪಕ್ಕದ ಕುರ್ಚಿಯನ್ನು ಎತ್ತಿ ದೂರದ ಮೂಲೆಗಿಟ್ಟು, ಕೂದಲು ಸ್ವಲ್ಪ ಕೆದರಿಕೊಂಡು ಮಂಚದ ಮೇಲೆ ಕೂರುತ್ತಾರೆ. ಏಳಕ್ಕೆ ಮೊದಲ ವಿದ್ಯಾರ್ಥಿ ಬಂದು, ಅವರ ಗಂಡ ತೀರಿಕೊಂಡ ಸುದ್ದಿ ಹೇಳಬೇಕು.

“ದಿನಕ್ಕೆ ಹನ್ನೆರಡು ಸಲ ನಮ್ಮೆಜಮಾನ್ರು ಸಾಯ್ತಾರೆ. ಸಂಜೆ ಮನೆಗೆ ಹೋದ್ರೆ ಅವರೇ ಬಾಗಿಲು ತೆಗೆದು, ಕಾಫಿ ಎಲ್ಲಿ ಅಂತಾರೆ,” ಎಂದು ಕೇಳಿದವರಿಗೆಲ್ಲ ಹೇಳಿ ನಗುತ್ತಾರೆ.

ಆಕೆ ಹತ್ತೊಂಬತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ವೈದ್ಯರು ಬಾಗಿಲಲ್ಲೇ ನಿಂತು, ಕಾಗದ ನೋಡುತ್ತಾ ಕೆಟ್ಟ ಸುದ್ದಿ ಹೇಳಿ ಹೊರಟುಬಿಡುತ್ತಿದ್ದರು. ಕುಸಿದವರನ್ನು ಹಿಡಿದುಕೊಳ್ಳಲು ಇವರು ನೆಲ ಒರೆಸುವುದನ್ನು ಬಿಟ್ಟು ಓಡಬೇಕಿತ್ತು. ಮಂಡಿನೋವಿಗೆ ಆ ಕೆಲಸ ಬಿಟ್ಟ ಮೇಲೆ ಕೆಟ್ಟ ಸುದ್ದಿ ಹೇಳುವುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ರೋಗಿಯ ಮನೆಯವರಾಗಿ ನಟಿಸುವ ಈ ಕೆಲಸ ಸಿಕ್ಕಿ ಆರು ವರ್ಷವಾಯಿತು. ಕುರ್ಚಿ ಎಳೆದುಕೊಂಡು ಹತ್ತಿರ ಕೂತವರು ಪಾಸು, ನಿಂತೇ ಹೇಳಿದವರು ಮತ್ತೆ ಬರಬೇಕು. ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಕುರ್ಚಿಯಮ್ಮ’ ಅನ್ನುವುದು ಅವರಿಗೂ ಗೊತ್ತು.

ಕಳೆದ ತಿಂಗಳು ಅವರದೇ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಗಂಟಿನ ಚೂರು ಪರೀಕ್ಷೆಗೆ ಕೊಟ್ಟು ಬಂದ ಮೇಲೆ ಒಂಬತ್ತು ದಿನ ಊಟ ಸೇರಲಿಲ್ಲ. ಹತ್ತನೇ ದಿನ ಆಸ್ಪತ್ರೆಯಲ್ಲಿ ವರದಿ ಹಿಡಿದು ಬಂದವಳು, ಹಿಂದೆ ಇವರೇ ಎರಡು ಸಲ ಫೇಲು ಮಾಡಿದ್ದ ಹುಡುಗಿ. ಈಗ ಡಾಕ್ಟರು. ಬಂದವಳೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

“ಮುಗೀತು ನನ್ನ ಕಥೆ ಅಂದ್ಕೊಂಡೆ. ಕೆಟ್ಟ ಸುದ್ದಿ ಹೇಳೋಕೆ ಹಿಂಗೇ ಕೂರ್ಬೇಕು ಅಂತ ಕಲಿಸಿದ್ದೇ ನಾನಲ್ವಾ?”

ಹುಡುಗಿ ಅವರ ಕೈ ಹಿಡಿದು, “ಏನೂ ತೊಂದರೆ ಇಲ್ಲಮ್ಮ, ಬರೀ ಕೊಬ್ಬಿನ ಗಂಟು,” ಅಂದಳು. ಹೋದ ಜೀವ ಬಂದಂತಾಗಿ ಅಮ್ಮ ಅತ್ತೇಬಿಟ್ಟರು. ಅಳು ನಿಂತ ಮೇಲೆ ಚೆನ್ನಾಗಿ ಬೈದರು.

“ಮತ್ತೆ ಕುರ್ಚಿ ಯಾಕೆ ಎಳೆದೆ?”

“ನಿಂತೇ ಹೇಳಿದ್ರೆ ಮೂರನೇ ಸಲಾನೂ ಫೇಲು ಮಾಡ್ತೀರೇನೋ ಅಂತ ಭಯ ಆಯ್ತಮ್ಮ.”

ಅಂದಿನಿಂದ ಪಾಠ ಸ್ವಲ್ಪ ಬದಲಾಗಿದೆ. ಹನ್ನೆರಡು ಸಾವಿನ ಜೊತೆಗೆ ಈಗ ಒಂದು ಒಳ್ಳೆಯ ವರದಿಯೂ ಉಂಟು. ಮೊದಲ ವಿದ್ಯಾರ್ಥಿಯ ಹೆಜ್ಜೆ ಸಪ್ಪಳ ಕೇಳುತ್ತಲೇ ಅಮ್ಮ ಮುಖದ ನಗೆ ಒರೆಸಿಕೊಳ್ಳುತ್ತಾರೆ. “ಸುದ್ದಿ ಒಳ್ಳೇದಿದ್ರೆ ಬಾಗಿಲಲ್ಲೇ ಹೇಳ್ಬಿಡಿ, ಆಮೇಲೆ ಬಂದು ಕೂತ್ಕೊಳ್ಳಿ ಅಂತ ಹೇಳ್ಕೊಡ್ತೀನಿ.”

ಹಾಗಾದರೆ ಆ ಹುಡುಗಿ ಮೂರನೇ ಸಲವೂ ಫೇಲೇ ಎಂದು ಕೇಳಿದರೆ,

“ಪಾಸು,” ಅನ್ನುತ್ತಾರೆ, ತಡವಿಲ್ಲದೆ. “ಹೊರಗೆ ಅಷ್ಟು ಜನ ಕಾಯ್ತಿದ್ರು. ನನ್ನ ಅಳು ಮುಗಿಯೋವರೆಗೂ ಅವಳು ಎದ್ದು ಹೋಗ್ಲಿಲ್ಲ.”